ಕಿಡಿ ಎಣಿಸುವ ಮುಳ್ಳು

ಹಳೆಯ ಬೈಕಿಗೆ ಹೊಸ ಆರ್‌ಪಿಎಂ ಮೀಟರ್ ಕೂರಿಸುವ ಹುಚ್ಚು ಬೆಂಗಳೂರಿನಲ್ಲೂ ಇದೆ, ಟೆಕ್ಸಸ್‌ನಲ್ಲೂ ಇದೆ. ಬೈಕು ಚೆಂದ, ಮೀಟರೂ ಚೆಂದ. ಆದರೆ ಇಬ್ಬರ ಜಾತಕ ಕೂಡದಿದ್ದರೆ ಮುಳ್ಳು ಹೇಳುವುದೆಲ್ಲ ಸುಳ್ಳು. ಅದೂ ಲೆಕ್ಕಾಚಾರದ ಸುಳ್ಳು: ಸರಿಯಾಗಿ ಅರ್ಧ, ಇಲ್ಲವೇ ಸರಿಯಾಗಿ ಎರಡರಷ್ಟು!

ಟೆಕ್ಸಸ್‌ನ ಆಸ್ಟಿನ್ ಊರಾಚೆಯ ಬಯಲು. ಸಾಲಾಗಿ ಉರಿಯುತ್ತಿದ್ದ ಕೆಂಪು ದೀಪಗಳು ಆರುತ್ತವೆ. ಅಷ್ಟೂ ಬೈಕುಗಳು ಒಟ್ಟಿಗೆ ಕಿರುಚಿಕೊಂಡು ಎದುರಿನ ದಿಬ್ಬಕ್ಕೆ ನುಗ್ಗುತ್ತವೆ. ಸುಮಾರು 40 ಮೀಟರ್ ಏರು. ಏರಿನ ತುದಿಯಲ್ಲೇ ಎಡಕ್ಕೆ ಕಡಿದಾದ ತಿರುವು. ತಿರುವಿನ ಆಚೆ ಏನಿದೆ ಎಂದು ಕೆಳಗಿನಿಂದ ಕಾಣುವುದಿಲ್ಲ. ಆದರೂ ಯಾರೊಬ್ಬರೂ ಥ್ರಾಟಲ್ ಬಿಡುವುದಿಲ್ಲ.

ಇದು ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್. 5.513 ಕಿಲೋಮೀಟರ್, 20 ತಿರುವು. 2013ರಲ್ಲಿ ಮೋಟೋಜಿಪಿ ಮೊದಲ ಸಲ ಇಲ್ಲಿಗೆ ಬಂದಾಗ 20 ವರ್ಷದ ಮಾರ್ಕ್ ಮಾರ್ಕೆಸ್ ಗೆದ್ದು, ಆ ದರ್ಜೆಯ ಅತಿ ಕಿರಿಯ ವಿಜೇತನೆನಿಸಿಕೊಂಡ. ರೇಸು ಬರುವುದು ಹೆಚ್ಚಾಗಿ ಮಾರ್ಚ್–ಏಪ್ರಿಲ್‌ನಲ್ಲಿ. ಹೆದ್ದಾರಿಯ ಇಕ್ಕೆಲಗಳಲ್ಲಿ ನೀಲಿ ಬ್ಲೂಬಾನೆಟ್ ಹೂ ಅರಳಿರುತ್ತದೆ. ಡಲ್ಲಾಸಿನ ಮಲ್ಲಿಗೆ ಕನ್ನಡ ಸಂಘದವರೂ ಹ್ಯೂಸ್ಟನ್ ಕನ್ನಡ ವೃಂದದವರೂ ಉಗಾದಿಯ ಗಡಿಬಿಡಿಯಲ್ಲಿರುವ ಕಾಲ.

ಮೋಟೋಜಿಪಿ ಬೈಕಿನ ಇಂಜಿನ್ ನಿಮಿಷಕ್ಕೆ 18,000 ಸುತ್ತಿನ ಆಸುಪಾಸು ತಿರುಗುತ್ತದೆ. ಅಂದರೆ ಸೆಕೆಂಡಿಗೆ 300 ಸುತ್ತು. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಆದ್ದರಿಂದ ಸೆಕೆಂಡಿಗೆ 600 ಸಲ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಸವಾರನ ಕಣ್ಣೆದುರು ಸ್ಪೀಡೋಮೀಟರ್ ಇರುವುದಿಲ್ಲ. ಎಷ್ಟು ಕಿಲೋಮೀಟರ್ ವೇಗ ಎಂಬುದು ಟಿವಿ ನೋಡುವವರ ಕುತೂಹಲ. ಅವನಿಗೆ ಬೇಕಾದದ್ದು ಇಂಜಿನ್ ಎಷ್ಟು ಸುತ್ತುತ್ತಿದೆ, ಗೇರ್ ಯಾವಾಗ ಬದಲಿಸಬೇಕು ಎಂಬುದಷ್ಟೇ. ಹ್ಯೂಸ್ಟನ್ನಿನ ಕೆವಿನ್ ಶ್ವಾಂಟ್ಸ್ 1993ರಲ್ಲಿ ಸುಜುಕಿ ಏರಿ 500 ಸಿಸಿ ವಿಶ್ವ ಚಾಂಪಿಯನ್ ಆದ ಕಾಲದಲ್ಲಿ ಆ ಕೆಲಸ ಮಾಡುತ್ತಿದ್ದುದು ಮುಳ್ಳಿನ ದೊಡ್ಡ ಮೀಟರ್. ಈಗ ಸಾಲು ದೀಪಗಳು ಮಿನುಗುತ್ತವೆ.

ಮೋಟೋಜಿಪಿ ರೇಸಿನ ವಾರಾಂತ್ಯಕ್ಕೆ ಹೊಂದಿಸಿಕೊಂಡು ಆಸ್ಟಿನ್ ಪೇಟೆಯೊಳಗೆ ಇನ್ನೊಂದು ಜಾತ್ರೆ ನಡೆಯುವ ರೂಢಿ ಬೆಳೆದಿದೆ: ಹ್ಯಾಂಡ್‌ಬಿಲ್ಟ್ ಮೋಟಾರ್‌ಸೈಕಲ್ ಶೋ. ಅಲ್ಲಿನ ರಿವೈವಲ್ ಸೈಕಲ್ಸ್ ಎಂಬ ಗ್ಯಾರೇಜಿನವರು 2014ರಲ್ಲಿ ಶುರು ಮಾಡಿದ್ದು. ಕಂಪನಿಯ ಬೈಕನ್ನು ಪೂರ್ತಿ ಬಿಚ್ಚಿ, ಕೈಯಾರೆ ಬೇರೆಯೇ ಬೈಕು ಕಟ್ಟಿದವರ ಪ್ರದರ್ಶನ ಅದು. ಇಂಥ ಬೈಕುಗಳ ಹ್ಯಾಂಡಲ್ ಕಡೆ ನೋಡಿ. ಕಂಪನಿ ಕೊಟ್ಟ ದಪ್ಪ ಮೀಟರುಗಳು ಹೋಗಿ, ಅಂಗೈಗಿಂತ ಚಿಕ್ಕದಾದ ಒಂದೇ ಒಂದು ಗುಂಡು ಮೀಟರ್ ಕೂತಿರುತ್ತದೆ. ನೋಡಿ ಬಂದವರೆಲ್ಲ ಮನೆಗೆ ಹೋಗಿ ಅಂಥದ್ದೇ ಒಂದನ್ನು ಆರ್ಡರ್ ಮಾಡುತ್ತಾರೆ. ತಾಪತ್ರಯ ಶುರುವಾಗುವುದು ಅಲ್ಲಿಂದ.

ಮುಳ್ಳಿಗೆ ಇಂಜಿನ್ ಕಾಣುವುದಿಲ್ಲ

ಹಳೆಯ ಕಾಲದ ಮೀಟರಿಗೆ ಈ ಸಮಸ್ಯೆ ಇರಲಿಲ್ಲ. ರಾಜ್‌ದೂತ್ 350 ಓಡಿಸಿದವರಿಗೆ ನೆನಪಿರಬಹುದು, ಇಂಜಿನ್ನಿನಿಂದ ಒಂದು ಕೇಬಲ್ ಹೊರಟು ಮೀಟರಿನ ಬೆನ್ನಿಗೆ ಬಂದು ಸೇರುತ್ತಿತ್ತು. ಇಂಜಿನ್ ತಿರುಗಿದರೆ ಕೇಬಲ್ ತಿರುಗುತ್ತದೆ. ಕೇಬಲ್ಲಿನ ತುದಿಯ ಆಯಸ್ಕಾಂತ ಒಂದು ಲೋಹದ ಬಟ್ಟಲನ್ನು ತನ್ನ ಜೊತೆ ಎಳೆಯುತ್ತದೆ. ಸ್ಪ್ರಿಂಗು ಅದನ್ನು ತಡೆಯುತ್ತದೆ. ಆ ಎಳೆದಾಟದಲ್ಲಿ ಮುಳ್ಳು ಎಲ್ಲಿ ನಿಂತಿತೋ ಅದೇ ಲೆಕ್ಕ. ಗೇರಿನ ಹಲ್ಲುಗಳ ಅನುಪಾತವೊಂದು ಹೊಂದಿದರೆ ಸಾಕಿತ್ತು.

ಎಲೆಕ್ಟ್ರಾನಿಕ್ ಮೀಟರಿಗೆ ಅಂಥ ನೇರ ಸಂಬಂಧವಿಲ್ಲ. ಅದು ಎಣಿಸುವುದು ಸುತ್ತುಗಳನ್ನಲ್ಲ, ಕಿಡಿಗಳನ್ನು. ಸ್ಪಾರ್ಕ್ ಪ್ಲಗ್ಗಿಗೆ ಕಾಯಿಲ್ ಕೊಡುವ ಪ್ರತಿ ಏಟೂ ಅದಕ್ಕೆ ಒಂದು ಎಣಿಕೆ. ಸೆಕೆಂಡಿಗೆ ಎಷ್ಟು ಏಟು ಬಿದ್ದವು ನೋಡಿಕೊಂಡು, ಹಾಗಾದರೆ ಇಂಜಿನ್ ಇಷ್ಟು ಸುತ್ತುತ್ತಿರಬೇಕು ಎಂದು ಊಹಿಸುತ್ತದೆ. ಒಂದು ಸುತ್ತಿಗೆ ಎಷ್ಟು ಕಿಡಿ ಎಂಬುದನ್ನು ಮೀಟರ್ ಮಾಡಿದವನು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾನೆ. ನಿಮ್ಮ ಬೈಕಿನ ಇಂಜಿನ್ ಅವನ ಮನಸ್ಸಿನಲ್ಲಿತ್ತೇ?

ಹೆಚ್ಚಾಗಿ ಇರುವುದಿಲ್ಲ. ಅಗ್ಗದ ಮೀಟರುಗಳಲ್ಲಿ ಎಷ್ಟೋ ಕಾರಿಗೆ ಮಾಡಿದವು. ನಾಲ್ಕು ಸಿಲಿಂಡರಿನ ಹಳೆಯ ಕಾರಿನ ಒಂದೇ ಕಾಯಿಲ್ ಒಂದು ಸುತ್ತಿಗೆ ಎರಡು ಕಿಡಿ ಕೊಡುತ್ತದೆ. ಇಂಜಿನ್ 3000 ಸುತ್ತುತ್ತಿದ್ದರೆ ಸೆಕೆಂಡಿಗೆ 50 ಸುತ್ತು, 100 ಕಿಡಿ. ಆ ಮೀಟರನ್ನು ತಂದು ಸುತ್ತಿಗೆ ಒಂದೇ ಕಿಡಿ ಕೊಡುವ ಬೈಕಿಗೆ ಹಾಕಿದರೆ ಅದಕ್ಕೆ ಸಿಗುವುದು 50 ಮಾತ್ರ. ಮುಳ್ಳು ನಿಷ್ಠೆಯಿಂದ 1500 ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ, ವೈರಿಂಗೂ ತಪ್ಪಿಲ್ಲ.

ಎರಡರಷ್ಟು ತೋರಿಸುವ ಮೀಟರಿನಿಂದ ಅಷ್ಟೇನೂ ಅಪಾಯವಿಲ್ಲ. ಸವಾರ ಹೆದರಿ ಬೇಗ ಗೇರ್ ಬದಲಿಸುತ್ತಾನೆ, ಇಂಜಿನ್ ಗೊರಗುಟ್ಟುತ್ತದೆ. ಅರ್ಧ ತೋರಿಸುವ ಮೀಟರೇ ಕೇಡಿನದು. ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೂ ಬಂದಿಲ್ಲ ಎಂದು ಇನ್ನಷ್ಟು ತಿರುಚುವ ಹೊತ್ತಿಗೆ ಇಂಜಿನ್ ತನ್ನ ಮಿತಿ ದಾಟಿ ಎಷ್ಟೋ ಹೊತ್ತಾಗಿರುತ್ತದೆ.

ಬಾಕ್ಸ್: ಒಂದು ಸುತ್ತಿಗೆ ಎಷ್ಟು ಕಿಡಿ?

ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್ (ಯೆಜ್ಡಿ, ಆರ್‌ಎಕ್ಸ್ 100): ಒಂದು.

ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಬುಲೆಟ್: ಅರ್ಧ. ಅಂದರೆ ಎರಡು ಸುತ್ತಿಗೆ ಒಂದು. ಕಿಡಿಯ ಸ್ವಿಚ್ಚಾದ ಪಾಯಿಂಟನ್ನು ತೆರೆಯುವ ಕ್ಯಾಮ್ ತಿರುಗುವುದು ಇಂಜಿನ್ನಿನ ಅರ್ಧ ವೇಗದಲ್ಲಿ.

ಕ್ರ್ಯಾಂಕಿನ ಪಿಕಪ್ಪಿನಿಂದ ಪ್ರತಿ ಸುತ್ತಿಗೂ ಕಿಡಿ ಹಾರಿಸುವ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್: ಒಂದು. ಇದರಲ್ಲಿ ಅರ್ಧದಷ್ಟು ಕಿಡಿಗಳು ಹೊಗೆ ಹೊರಹೋಗುವ ಹೊತ್ತಿನಲ್ಲಿ ಹಾರುವ ದಂಡದ ಕಿಡಿಗಳು. ಇಂಜಿನ್ನಿಗೆ ಲೆಕ್ಕಕ್ಕಿಲ್ಲ, ಮೀಟರಿಗೆ ಲೆಕ್ಕಕ್ಕಿದೆ.

ನಾಲ್ಕು ಸಿಲಿಂಡರಿನ ಹೋಂಡಾ ಸಿಬಿ 750 (1969): ಎರಡು ಕಾಯಿಲ್, ಒಂದೊಂದು ಕಾಯಿಲಿಗೂ ಸುತ್ತಿಗೆ ಒಂದು.

ಕಾರು: ನಾಲ್ಕು ಸಿಲಿಂಡರಿಗೆ ಎರಡು, ಆರಕ್ಕೆ ಮೂರು, ಎಂಟಕ್ಕೆ ನಾಲ್ಕು.

ಹಾರ್ಲೆಯ ಎರಡು ಪಂಗಡ

ಟೆಕ್ಸಸ್ ಎಂದ ಮೇಲೆ ಹಾರ್ಲೆ ಡೇವಿಡ್‌ಸನ್ ಬಿಟ್ಟು ಮಾತಾಡುವಂತಿಲ್ಲ. ಗೊಂದಲ ಅತಿ ಹೆಚ್ಚಿರುವುದೂ ಅದರಲ್ಲೇ.

ಹಾರ್ಲೆಯ ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿ ನಿಂತು ಒಂದೇ ಕ್ರ್ಯಾಂಕ್ ಪಿನ್ ಹಂಚಿಕೊಳ್ಳುತ್ತವೆ. ಹಾಗಾಗಿ ಹೊತ್ತಿಕೊಳ್ಳುವ ಅಂತರ ಸಮ ಇರುವುದಿಲ್ಲ: ಒಮ್ಮೆ 315 ಡಿಗ್ರಿ, ಮತ್ತೊಮ್ಮೆ 405. ಕುದುರೆ ಕುಂಟಿದಂಥ ಆ ಶಬ್ದದ ಗುಟ್ಟು ಇದೇ. ಹಳೆಯ ಎವಲ್ಯೂಷನ್ ಇಂಜಿನ್ನಿನಲ್ಲಿ ಒಂದೇ ಕಾಯಿಲ್ ಎರಡೂ ಪ್ಲಗ್ಗಿಗೆ ಒಟ್ಟಿಗೆ ಕಿಡಿ ಕೊಡುತ್ತಿತ್ತು. ಇದನ್ನು ಡ್ಯುಯಲ್ ಫೈರ್ ಎನ್ನುತ್ತಾರೆ. ಎರಡು ಸುತ್ತಿಗೆ ಎರಡು ಏಟು, ಸರಾಸರಿ ಸುತ್ತಿಗೆ ಒಂದು. 1999ರ ಟ್ವಿನ್ ಕ್ಯಾಮ್ ಇಂಜಿನ್ನಿನ ಹೊತ್ತಿಗೆ ಒಂದೊಂದು ಪ್ಲಗ್ಗಿಗೂ ಬೇರೆ ಬೇರೆ ಕಿಡಿ ಕೊಡುವ ಸಿಂಗಲ್ ಫೈರ್ ಬಂತು. ಅದರಲ್ಲಿ ಒಂದು ಪ್ಲಗ್ಗಿನ ಪಾಲಿಗೆ ಎರಡು ಸುತ್ತಿಗೆ ಒಂದೇ ಏಟು.

ಎವಲ್ಯೂಷನ್ ಇಟ್ಟುಕೊಂಡವರು ಇಂಜಿನ್ ನಯವಾಗಲೆಂದು ಸಿಂಗಲ್ ಫೈರ್ ಕಿಟ್ ಹಾಕಿಸುತ್ತಾರೆ. ನಯವಾಗುತ್ತದೆ ಕೂಡ. ಆದರೆ ಮೊದಲಿದ್ದ ಮೀಟರಿನ ವೈರನ್ನು ಒಂದು ಕಾಯಿಲಿಗೆ ಸಿಕ್ಕಿಸಿದ ಕೂಡಲೇ ಅದು ಅರ್ಧಕ್ಕಿಳಿಯುತ್ತದೆ. ಐಡಲ್ ಬಿದ್ದುಹೋಗಿದೆ ಎಂದು ಸ್ಕ್ರೂ ತಿರುವಿ ಏರಿಸುವವರಿಗೆ ಕೊರತೆಯಿಲ್ಲ. ಇದಕ್ಕೆ ಮದ್ದು ಇದೆ: ಎರಡೂ ಕಾಯಿಲುಗಳ ಏಟನ್ನು ಕೂಡಿಸಿ ಮೀಟರಿಗೆ ಕೊಡುವ ಪುಟ್ಟ ಅಡಾಪ್ಟರ್. ಎಷ್ಟೋ ಇಗ್ನಿಷನ್ ಮಾಡ್ಯೂಲುಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ವೈರ್ ಇರುತ್ತದೆ. ಆ ವೈರ್ ಯಾವುದು ಎಂಬುದು ಯಾರೂ ಓದದ ಕೈಪಿಡಿಯ ಯಾವುದೋ ಮೂಲೆಯಲ್ಲಿರುತ್ತದೆ.

ಎಣಿಕೆ ಸರಿ, ಏಟು ಜೋರು

ಲೆಕ್ಕ ಕೂಡಿದರೂ ಮುಗಿಯಲಿಲ್ಲ. ಏಟು ಎಂಥದ್ದು ಎನ್ನುವುದೂ ಮುಖ್ಯ.

ಪಾಯಿಂಟ್ ಇರುವ ಬೈಕಿನಲ್ಲಿ ಕಾಯಿಲಿಗೆ ಬ್ಯಾಟರಿಯ ಕರೆಂಟು ಹರಿಯುತ್ತಿರುತ್ತದೆ. ಪಾಯಿಂಟ್ ಬಿಟ್ಟುಕೊಂಡ ಗಳಿಗೆಯಲ್ಲಿ ಆ ಕರೆಂಟು ತಟ್ಟನೆ ನಿಂತು, ಕಾಯಿಲಿನ ನೆಗೆಟಿವ್ ತುದಿಯಲ್ಲಿ ಇನ್ನೂರು ಮುನ್ನೂರು ವೋಲ್ಟಿನ ಜಿಗಿತ ಕಾಣಿಸುತ್ತದೆ. ಹಳೆಯ ಮಾದರಿಯ ಮೀಟರುಗಳನ್ನು ಆ ತುದಿಗೆ ಕಟ್ಟಲೆಂದೇ ಮಾಡಿರುತ್ತಾರೆ.

ಸಿಡಿಐ ಎಂಬ ಇಗ್ನಿಷನ್ನಿನ ರೀತಿಯೇ ಬೇರೆ. ಆರ್‌ಎಕ್ಸ್ 100ರಂಥ ಬೈಕಿನಲ್ಲಿ ಮ್ಯಾಗ್ನೆಟ್ಟಿನ ಕಾಯಿಲ್ ಒಂದು ಕೆಪಾಸಿಟರನ್ನು ನೂರಾರು ವೋಲ್ಟಿಗೆ ತುಂಬಿಸುತ್ತದೆ. ಸಮಯ ಬಂದಾಗ ಅಷ್ಟನ್ನೂ ಒಮ್ಮೆಲೇ ಇಗ್ನಿಷನ್ ಕಾಯಿಲಿಗೆ ಸುರಿಯುತ್ತದೆ. ಏಟು ಚೂಪು, ಕ್ಷಣಿಕ. ಕಾಯಿಲಿನ ಒಂದು ತುದಿ ಅರ್ಥ್ ಆಗಿರುವುದರಿಂದ ಹಳೆಯ ಮೀಟರಿಗೆ ಬೇಕಾದ ನೆಗೆಟಿವ್ ತುದಿಯೇ ಅಲ್ಲಿಲ್ಲ. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೊಡುವ 12 ವೋಲ್ಟಿನ ಸೌಮ್ಯ ಸಿಗ್ನಲ್ಲಿಗೆಂದು ಮಾಡಿದ ಮೀಟರನ್ನು ಈ ವೈರಿಗೆ ಸಿಕ್ಕಿಸಿ ಕಿಕ್ ಹೊಡೆದರೆ, ಮೊದಲ ಕಿಕ್ಕಿಗೇ ಮೀಟರಿನ ಆಯುಸ್ಸು ಮುಗಿಯಬಹುದು. ಕೆಲವೊಮ್ಮೆ ಉಲ್ಟಾ ಆಗುತ್ತದೆ. ಮೀಟರ್ ಉಳಿಯುತ್ತದೆ, ಆದರೆ ಅದು ಎಳೆದುಕೊಳ್ಳುವ ಕರೆಂಟಿನಿಂದ ಕಿಡಿ ಸೊರಗಿ ಬೈಕು ಮಿಸ್ ಹೊಡೆಯುತ್ತದೆ.

ಇದೇ ಟೆಕ್ಸಸ್‌ನ ಪಶ್ಚಿಮದ ತುದಿಯಲ್ಲಿರುವ ಎಲ್ ಪಾಸೋದಲ್ಲಿ 1970ರಲ್ಲಿ ಹುಟ್ಟಿದ ಎಂಎಸ್‌ಡಿ ಕಂಪನಿ ಇನ್ನೊಂದು ತರಲೆ ಹುಟ್ಟುಹಾಕಿತು. ನಿಧಾನ ವೇಗದಲ್ಲಿ ಒಂದೇ ಕಿಡಿಗೆ ಪೆಟ್ರೋಲು ಸರಿಯಾಗಿ ಹೊತ್ತಿಕೊಳ್ಳದಿದ್ದರೆ? ಹಾಗಾಗಿ ಸುಮಾರು 3000 ಸುತ್ತಿನ ಕೆಳಗೆ ಅವರ ಇಗ್ನಿಷನ್ ಡಬ್ಬಿ ಒಂದರ ಹಿಂದೊಂದು ಹಲವು ಕಿಡಿ ಹಾರಿಸುತ್ತದೆ. ರೇಸ್ ಕಾರಿನವರು ಇದನ್ನು ಅಪ್ಪಿಕೊಂಡರು. ಆದರೆ ಪ್ಲಗ್ ವೈರಿನ ಕಿಡಿ ಎಣಿಸುವ ಬಡಪಾಯಿ ಮೀಟರಿನ ಗತಿ? ಅದಕ್ಕೇ ಎಂಎಸ್‌ಡಿ ಡಬ್ಬಿಯ ಮೇಲೆ ಮೀಟರಿಗಾಗಿಯೇ ಬೇರೆ ಟರ್ಮಿನಲ್ ಇದೆ. ಎಷ್ಟೇ ಕಿಡಿ ಹಾರಲಿ, ಅಲ್ಲಿ ಸಿಗುವುದು ಒಂದು ಸರದಿಗೆ ಒಂದೇ ಏಟು. ಮರ್ಯಾದಸ್ಥರ ಕೆಲಸ ಎಂದರೆ ಇದು.

ಡಲ್ಲಾಸಿನ ಚಿಪ್ಪು, ಬೆಂಗಳೂರಿನ ಎತ್ತಿನಗಾಡಿ

ಮೀಟರಿನ ಬೆನ್ನು ಬಿಚ್ಚಿ ನೋಡುವವರಿಗೆ ಎಲ್‌ಎಂ 2907 ಎಂಬ ಚಿಪ್ಪು ಪರಿಚಿತ. ಏಟುಗಳ ವೇಗವನ್ನು ವೋಲ್ಟೇಜಿಗೆ ಬದಲಿಸುವುದು ಅದರ ಕಸುಬು. ಒಂದೊಂದು ಏಟಿಗೂ ನಿಗದಿಯಾದಷ್ಟೇ ಚಾರ್ಜನ್ನು ಮುಂದಕ್ಕೆ ತಳ್ಳುತ್ತದೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಏಟು ಹೆಚ್ಚಾದಂತೆ ಕರೆಂಟು ಹೆಚ್ಚುತ್ತದೆ, ಮುಳ್ಳು ಏರುತ್ತದೆ. ಪಕ್ಕದಲ್ಲಿರುವ ಒಂದು ಕೆಪಾಸಿಟರ್, ಒಂದು ರೆಸಿಸ್ಟರ್ ಸೇರಿ ಒಂದು ಏಟಿಗೆ ಮುಳ್ಳು ಎಷ್ಟು ಏರಬೇಕು ಎಂದು ನಿರ್ಧರಿಸುತ್ತವೆ. ಕಾರಿನ ಮೀಟರ್ ಬೈಕಿನ ಮೀಟರ್ ಆಗಬೇಕಾದರೆ ಬದಲಾಗಬೇಕಾದದ್ದು ಹಲವು ಸಲ ಈ ಪುಡಿ ಸಾಮಾನು ಮಾತ್ರ. ಸಾಲ್ಡರಿಂಗ್ ಐರನ್ ಹಿಡಿಯಬಲ್ಲವರಿಗೆ ಕೆಲವೇ ರೂಪಾಯಿಯ ರಿಪೇರಿ.

ಈ ಚಿಪ್ಪು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯದು. 2011ರಲ್ಲಿ ಆ ಕಂಪನಿಯನ್ನು ಡಲ್ಲಾಸಿನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸುಮಾರು 650 ಕೋಟಿ ಡಾಲರಿಗೆ ಕೊಂಡಿತು. 1958ರ ಸೆಪ್ಟೆಂಬರಿನಲ್ಲಿ ಜ್ಯಾಕ್ ಕಿಲ್ಬಿ ತನ್ನ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟನ್ನು ಮಾಡಿ ತೋರಿಸಿದ್ದು ಇದೇ ಕಂಪನಿಯ ಡಲ್ಲಾಸ್ ಪ್ರಯೋಗಾಲಯದಲ್ಲಿ. ನೊಬೆಲ್ ಬಂದದ್ದು 2000ದಲ್ಲಿ, 42 ವರ್ಷ ಕಾದ ಮೇಲೆ.

1985ರಲ್ಲಿ ಇದೇ ಕಂಪನಿ ಬೆಂಗಳೂರಿನ ಮಿಲ್ಲರ್ಸ್ ರಸ್ತೆಗೆ ಬಂತು. ಉಪಗ್ರಹ ಸಂಪರ್ಕದ ಸಲಕರಣೆಯನ್ನು ಎತ್ತಿನಗಾಡಿಯಲ್ಲಿ ಸಾಗಿಸಿದ ಕತೆಯನ್ನು ನಮ್ಮ ಐಟಿ ಮಂದಿ ಇವತ್ತಿಗೂ ಹೇಳಿಕೊಳ್ಳುತ್ತಾರೆ. ಡಲ್ಲಾಸಿಗೂ ಕನ್ನಡಿಗರಿಗೂ ನಂಟು ಗಟ್ಟಿಯಾದದ್ದರಲ್ಲಿ ಇಂಥ ಚಿಪ್ಪು ಕಂಪನಿಗಳ ಪಾಲು ಸಣ್ಣದಲ್ಲ. 2018ರಲ್ಲಿ 'ಅಕ್ಕ' ವಿಶ್ವ ಕನ್ನಡ ಸಮ್ಮೇಳನ ಡಲ್ಲಾಸಿನಲ್ಲಿ ನಡೆಯುವ ಹೊತ್ತಿಗೆ ಊರಿನಲ್ಲಿ ಸಾಕಷ್ಟು ಕನ್ನಡಿಗರು ಸೇರಿದ್ದರು.

ಬಾಕ್ಸ್: ಗೋಡೆಯ ಪ್ಲಗ್ಗೇ ಪರೀಕ್ಷಕ

ಹೊಸ ಮೀಟರ್ ಸರಿಯಾಗಿದೆಯೇ ಎಂದು ಬೈಕಿಲ್ಲದೆಯೂ ನೋಡಬಹುದು. ಮನೆಯ ಕರೆಂಟನ್ನು 12 ವೋಲ್ಟಿನ ಎಸಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು (ನೇರವಾಗಿ ಗೋಡೆಯ ಪ್ಲಗ್ಗಿಗೆ ಕೈ ಹಾಕಿದರೆ ಪರೀಕ್ಷೆ ನಿಮ್ಮದಾಗುತ್ತದೆ). ಅಮೆರಿಕದಲ್ಲಿ ಕರೆಂಟು ಸೆಕೆಂಡಿಗೆ 60 ಸಲ ತುಯ್ಯುತ್ತದೆ. ಸುತ್ತಿಗೆ ಒಂದು ಏಟಿನ ಮೀಟರಾದರೆ 3600 ತೋರಿಸಬೇಕು, ಎರಡು ಏಟಿನದಾದರೆ 1800. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಾಗಾಗಿ 3000, 1500. ಹಳೆಯ ಪಾಯಿಂಟ್ ಮಾದರಿಯ ಕೆಲವು ಮೀಟರುಗಳಿಗೆ 12 ವೋಲ್ಟಿನ ಈ ಏಟು ಸಾಲದೆ ಮುಳ್ಳು ಅಲುಗದಿರಬಹುದು. ಅದಕ್ಕೆ ಮೀಟರನ್ನು ದೂರಬೇಡಿ.

3600 ಎಂಬ ಸಂಖ್ಯೆ ಆಕಸ್ಮಿಕವಲ್ಲ. ಎರಡು ಧ್ರುವಗಳ ಜನರೇಟರ್ 60 ಹರ್ಟ್ಸ್ ಕೊಡಬೇಕಾದರೆ ನಿಮಿಷಕ್ಕೆ ಸರಿಯಾಗಿ 3600 ಸುತ್ತು ತಿರುಗಲೇಬೇಕು. ಟೆಕ್ಸಸ್‌ನ ಬಹುಭಾಗಕ್ಕೆ ಎರ್ಕಾಟ್ ಎಂಬ ಪ್ರತ್ಯೇಕ ಗ್ರಿಡ್ ಇದೆ. 2021ರ ಫೆಬ್ರುವರಿ 15ರ ನಸುಕಿನಲ್ಲಿ, ಹಿಮಗಾಳಿಯ ನಡುವೆ, ಅದು 4 ನಿಮಿಷ 23 ಸೆಕೆಂಡು 59.4 ಹರ್ಟ್ಸಿನ ಕೆಳಗಿತ್ತು. 59.4 ಎಂದರೆ 3564 ಸುತ್ತು. ಬರೀ 36 ಸುತ್ತಿನ ಕೊರತೆ! ಅದು 9 ನಿಮಿಷ ಮುಂದುವರಿದಿದ್ದರೆ ವಿದ್ಯುತ್ ಸ್ಥಾವರಗಳು ತಾವಾಗಿಯೇ ಕಳಚಿಕೊಂಡು ಇಡೀ ಗ್ರಿಡ್ ಮಲಗುತ್ತಿತ್ತು.

ಮೈಸೂರಿನ ಯೆಜ್ಡಿ ಹ್ಯೂಸ್ಟನ್ ಬಂದರಿಗೆ

ಇನ್ನು ನಮ್ಮ ಮನೆಯ ವಿಷಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬೈಕು ಮಾಡಲು ಶುರು ಮಾಡಿದ್ದು 1961ರಲ್ಲಿ. ಯೆಜ್ಡಿ ಎಂಬ ಹೆಸರು ಬಂದದ್ದು 1973ರಲ್ಲಿ, ಬಾಗಿಲು ಮುಚ್ಚಿದ್ದು 1996ರಲ್ಲಿ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿಯವರು ಊರೂರಲ್ಲಿ ಮೆರವಣಿಗೆ ಹೊರಡುತ್ತಾರಲ್ಲ, ಆ ಹುಚ್ಚು ಸಾಗರ ದಾಟಿದವರಲ್ಲೂ ಇಳಿದಿಲ್ಲ.

ಅಮೆರಿಕದ ಕಾನೂನು ಇಲ್ಲಿ ಅಚ್ಚರಿಯಷ್ಟು ಉದಾರಿ. 25 ವರ್ಷ ದಾಟಿದ ವಾಹನಕ್ಕೆ ಅಲ್ಲಿನ ಸುರಕ್ಷಾ ನಿಯಮಗಳ ಕಟ್ಟಳೆಯಿಲ್ಲ. 21 ವರ್ಷ ದಾಟಿ ಮೂಲ ರೂಪದಲ್ಲೇ ಇದ್ದರೆ ಹೊಗೆಯ ನಿಯಮವೂ ಇಲ್ಲ. ಮೈಸೂರಿನಲ್ಲಿ ತಯಾರಾದ ಕಟ್ಟಕಡೆಯ ಯೆಜ್ಡಿಗೂ ಈಗ ಆ ವಯಸ್ಸಾಗಿದೆ. ಅಪ್ಪನ ಬೈಕನ್ನು ಕಂಟೇನರಿನಲ್ಲಿ ಹಾಕಿ ಹ್ಯೂಸ್ಟನ್ ಬಂದರಿನಲ್ಲಿ ಇಳಿಸಿಕೊಳ್ಳಬಹುದು. ಟೆಕ್ಸಸ್ ಸರ್ಕಾರ 2025ರ ಜನವರಿ 1ರಿಂದ ಖಾಸಗಿ ವಾಹನಗಳ ವಾರ್ಷಿಕ ಸುರಕ್ಷಾ ತಪಾಸಣೆಯನ್ನೂ ಕೈಬಿಟ್ಟಿದೆ.

ಹಾಗೆ ಬಂದ ಯೆಜ್ಡಿಗೆ ಆರ್‌ಪಿಎಂ ಮೀಟರ್ ಬೇಕೆಂದು ಹೊರಟರೆ, ಅಮೆರಿಕದ ಅಂಗಡಿಯಲ್ಲಿ ಸಿಗುವುದರಲ್ಲಿ ಮುಕ್ಕಾಲು ಪಾಲು ಅದಕ್ಕೆ ಆಗದು. ಮೊದಲ ಅಡ್ಡಿ ಕರೆಂಟು. ಹಳೆಯ ಯೆಜ್ಡಿಯದು 6 ವೋಲ್ಟ್. ಮೀಟರುಗಳು ಹೆಚ್ಚಾಗಿ 12 ವೋಲ್ಟಿನವು. ದೀಪವೇ ಸರಿಯಾಗಿ ಹತ್ತದು, ಇನ್ನು ಎಣಿಕೆ ಎಲ್ಲಿಯ ಮಾತು? ಎರಡನೆಯದು ಆಗಲೇ ಹೇಳಿದ ಕಾರಿನ ಲೆಕ್ಕ.

ನನ್ನನ್ನು ಕೇಳಿದರೆ ಇಂಥ ಬೈಕಿಗೆ ಒಳ್ಳೆಯದು ಅತಿ ಸಾದಾ ಮೀಟರ್. ಬೆಂಕಿಪೊಟ್ಟಣದಷ್ಟು ದೊಡ್ಡದು, ಹೊಟ್ಟೆಯಲ್ಲೇ ಬ್ಯಾಟರಿ, ಹೊರಗೆ ಬರುವುದು ಒಂದೇ ವೈರ್. ಹುಲ್ಲು ಕತ್ತರಿಸುವ ಯಂತ್ರ, ದೋಣಿಯ ಇಂಜಿನ್ನುಗಳಿಗೆಂದು ಮಾರುತ್ತಾರೆ. ಆ ವೈರನ್ನು ಪ್ಲಗ್ ವೈರಿನ ಸುತ್ತ ನಾಲ್ಕೈದು ಸುತ್ತು ಸುತ್ತಿ, ಎರಡೂ ಕಡೆ ಟೈ ಹಾಕಿ ಬಿಗಿದರೆ ಆಯಿತು. ಯಾವ ವೈರನ್ನೂ ಕತ್ತರಿಸಬೇಕಿಲ್ಲ. ಕಿಡಿ ಹಾರಿದಾಗಲೆಲ್ಲ ಪ್ಲಗ್ ವೈರಿನಿಂದ ಮೀಟರಿನ ವೈರಿಗೆ ಸಣ್ಣ ಮಿಡಿತವೊಂದು ದಾಟುತ್ತದೆ, ಅಷ್ಟನ್ನೇ ಅದು ಎಣಿಸುತ್ತದೆ. ವೈರಿನ ಸುತ್ತು ಕಡಿಮೆಯಾದರೆ ಅಂಕಿ ಸತ್ತು ಸತ್ತು ಬರುತ್ತದೆ. ಹೆಚ್ಚಾದರೆ ಇಲ್ಲದ ಕಿಡಿಯನ್ನೂ ಎಣಿಸುತ್ತದೆ. ಅಂಕಿ ಹುಚ್ಚುಹುಚ್ಚಾಗಿ ಕುಣಿದರೆ ಮೊದಲು ಪ್ಲಗ್ ಕ್ಯಾಪ್ ನೋಡಿ. ರೆಸಿಸ್ಟರ್ ಇರುವ ಕ್ಯಾಪ್ ಹಾಕಿದರೆ ಬಹುಮಟ್ಟಿಗೆ ತಣ್ಣಗಾಗುತ್ತದೆ.

ಗುಂಡಿ ಒತ್ತಿ ಹಿಡಿದರೆ ಪರದೆಯ ಮೇಲೆ ಗೂಢಲಿಪಿಯಂಥ ಅಕ್ಷರಗಳು ಬರುತ್ತವೆ: 1ಪಿ1ಆರ್, 1ಪಿ2ಆರ್, 2ಪಿ1ಆರ್. ಮೊದಲನೆಯದು ಒಂದು ಸುತ್ತಿಗೆ ಒಂದು ಏಟು, ಎರಡನೆಯದು ಎರಡು ಸುತ್ತಿಗೆ ಒಂದು, ಮೂರನೆಯದು ಒಂದು ಸುತ್ತಿಗೆ ಎರಡು. ಯೆಜ್ಡಿಯ ಪಾಯಿಂಟ್ ಕೂತಿರುವುದು ಕ್ರ್ಯಾಂಕಿನ ತುದಿಯಲ್ಲೇ, ಸುತ್ತಿಗೊಂದು ಕಿಡಿ ತಪ್ಪುವುದಿಲ್ಲ. ಆದ್ದರಿಂದ 1ಪಿ1ಆರ್. ಪಕ್ಕದ ಮನೆಯವರ ಹಳೆಯ ಬುಲೆಟ್ಟಿಗೆ ಅದೇ ಮೀಟರ್ ಹಾಕಿದರೆ 1ಪಿ2ಆರ್.

ನಿಮ್ಮ ಬೈಕು ಯಾವ ಪಂಗಡ ಎಂದು ತಿಳಿಯದಿದ್ದರೆ ಕಿವಿಯೇ ಸಾಕು. ಐಡಲಿನಲ್ಲಿ ಬಿಡಿ. ಸಾಮಾನ್ಯವಾಗಿ ಸಾವಿರದ ಆಚೀಚೆ ಇರಬೇಕಾದ ಇಂಜಿನ್ ಮೀಟರಿನಲ್ಲಿ 500 ಎಂದು ತೋರಿಸುತ್ತಿದ್ದರೆ, ಅಷ್ಟು ನಿಧಾನಕ್ಕೆ ಅಂಥ ಬೈಕು ಉಸಿರು ಹಿಡಿದು ನಿಲ್ಲುವುದು ಕಷ್ಟ, ಸೆಟ್ಟಿಂಗ್ ತಪ್ಪಿದೆ. ಎರಡು ಸಾವಿರ ಎಂದು ತೋರಿಸುತ್ತಾ ಗುಡುಗುಡು ಎನ್ನುತ್ತಿದ್ದರೂ ಅಷ್ಟೇ.

ತೀರ ಹೊಸ ಬೈಕುಗಳಲ್ಲಿ ಹಲವಕ್ಕೆ ಈ ಉಪಾಯಗಳು ನಡೆಯುವುದಿಲ್ಲ. ಅಲ್ಲಿ ಇಸಿಯು ಆರ್‌ಪಿಎಂ ಲೆಕ್ಕವನ್ನು ಡಿಜಿಟಲ್ ಸಂದೇಶವಾಗಿ ಮೀಟರಿಗೆ ಕಳಿಸುತ್ತದೆ. ಆ ಭಾಷೆ ಬರುವ ಮೀಟರನ್ನೇ ಕೊಳ್ಳಬೇಕು, ಬೆಲೆಯೂ ಹಾಗೇ ಇರುತ್ತದೆ.

ಕೊಳ್ಳುವ ಮುಂಚೆ ಅಂಗಡಿಯವನನ್ನು ಕೇಳಬೇಕಾದದ್ದು ಮೂರೇ: ಸುತ್ತಿಗೆ ಎಷ್ಟು ಏಟಿಗೆ ಹೊಂದಿಸಬಹುದು? ಸಿಡಿಐ ತಡೆದುಕೊಳ್ಳುತ್ತದೆಯೇ? ಎಷ್ಟು ವೋಲ್ಟಿನದು? ಡಲ್ಲಾಸಿನಲ್ಲಾದರೆ ಕೇಳದೇ ಕೊಂಡರೂ ಬಿಲ್ ಜೋಪಾನವಾಗಿಟ್ಟುಕೊಂಡವರು ವಾಪಸ್ ಕೊಟ್ಟು ಬರಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾದರೆ ಕೌಂಟರಿನ ಮೇಲೆ ನೇತುಹಾಕಿದ ಬೋರ್ಡನ್ನು ಮೊದಲೇ ಓದಿಕೊಳ್ಳುವುದು ಕ್ಷೇಮ: 'ಮಾರಿದ ಸರಕನ್ನು ಹಿಂತೆಗೆದುಕೊಳ್ಳಲಾಗುವುದಿಲ್ಲ.'